ಸರಕಿನ ಜೊತೆ ಮನೆಯವರು

ಅತ್ತೆಮ್ಮನವರಿಗೆ ನಿಮ್ಮ ಸೊಸೆ ರತ್ನ ಮಾಡುವ ಶರಣು.

ನಾವೆಲ್ಲ ಕಡೂರಿನಲ್ಲಿ ಚೆನ್ನಾಗಿದ್ದೇವೆ. ನೀವು ಹೇಗಿದ್ದೀರಿ ಅಂತ ಕೇಳಿದರೆ ಉತ್ತರ ಬರುವುದಿಲ್ಲ, ಗೊತ್ತು. ಆದರೆ ನೀವಿರುವ ಕಡೆ ಒಂದಾದರೂ ಲಾರಿ ಇದ್ದರೆ ಅದರ ಲೋಡಿನ ಮೇಲೆ ನೀವು ಕಾಲು ಚಾಚಿ ಕೂತಿರುತ್ತೀರಿ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ನೀವು ಹೋದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಇಷ್ಟು ದಿನ ಬರೆಯುವಂಥ ಸುದ್ದಿ ಇರಲಿಲ್ಲ. ಈಗ ಇದೆ. ನಿಮ್ಮ ಸೊಸೆ ಹಡಗು ಹತ್ತಿದಳು ಅತ್ತೆಮ್ಮ. ಜನ ಓಡಾಡುವ ಹಡಗಲ್ಲ, ಸರಕಿನ ಹಡಗು. ಕೊಲಂಬೊದಲ್ಲಿ ಹತ್ತಿ, ಆಫ್ರಿಕಾ ಖಂಡವನ್ನು ಪೂರ್ತಿ ಬಳಸಿಕೊಂಡು, ಹಾಲೆಂಡಿನಲ್ಲಿ ಇಳಿದಳು. ನಗಬೇಡಿ. ಮೊದಲಿಂದ ಹೇಳುತ್ತೇನೆ.

ನಾನು ಮದುವೆಯಾಗಿ ಬಂದ ಹೊಸತು. ಅಂಗಳದಲ್ಲಿ ಕಾಯಿ ಲಾರಿ ಲೋಡಾಗಿ ನಿಂತಿತ್ತು. ನೀವು ಅದರ ಮೂತಿಗೆ ವಿಭೂತಿಯ ಮೂರು ಪಟ್ಟೆ ಎಳೆದು, ಸೀರೆ ಎತ್ತಿ ಸಿಕ್ಕಿಸಿ, ಟೈರಿನ ಮೇಲೆ ಕಾಲಿಟ್ಟು, ನಾನು ನೋಡನೋಡುತ್ತಿದ್ದಂತೆ ಲೋಡಿನ ತುದಿಗೆ ಹೋಗಿ ಕೂತಿರಿ. ನಮ್ಮ ದೇವನೂರು ಕಡೆ ಹೆಂಗಸರು ಗಾಡಿಯಲ್ಲಿ ಕೂರುವುದನ್ನು ನೋಡಿದ್ದೆ, ಲಾರಿಯ ನೆತ್ತಿಯ ಮೇಲೆ ಕೂರುವುದನ್ನು ನೋಡಿರಲಿಲ್ಲ. ಬಾಯಿ ಬಿಟ್ಟುಕೊಂಡು ನಿಂತ ನನ್ನನ್ನು ನೋಡಿ ನೀವೇ ಮೇಲಿಂದ ಕೂಗಿದಿರಿ.

"ಹುಬ್ಳಿಗೆ ಕಣೇ! ಕಾಯಿ ಹೋಗ್ತೈತಲ್ಲ, ಜೊತೇಲಿ ಮನೆಯೋರು ಒಬ್ರು ಇರ್ಬೇಡ್ವಾ?"

"ಡ್ರೈವರ್ ಇದಾನಲ್ಲ ಅತ್ತೆಮ್ಮ?"

"ಅವ್ನು ಲಾರಿ ಜೊತೆಗಿರ್ತಾನೆ. ಕಾಯಿ ಜೊತೆ ಯಾರಿರ್ತಾರೆ?"

ಮಾವನವರು ಬೇಗ ತೀರಿಕೊಂಡಿದ್ದರು. ನಿಮ್ಮ ಮಗನಿಗೋ, ತರೀಕೆರೆ ಬಸ್ಸು ಹತ್ತಿದರೆ ಬೀರೂರು ಬರುವಷ್ಟರಲ್ಲಿ ವಾಂತಿ. ಹಾಗಾಗಿ ಹೋಗುವವರು ನೀವೇ. ನಮ್ಮ ಮನೆಯ ಪದ್ಧತಿ ಅದು ಅಂತ ಆಮೇಲೆ ತಿಳಿಯಿತು. ಸರಕು ಚೆನ್ನಾಗಿದ್ದರೆ ಯಾರೂ ಬೇಕಾಗಿಲ್ಲ, ಕೆಟ್ಟಿದ್ದರೆ ಎದುರಿಗೆ ನಿಂತು ಬೈಸಿಕೊಳ್ಳುವುದಕ್ಕೆ ಮನೆಯವರು ಬೇಕು ಅನ್ನುತ್ತಿದ್ದಿರಿ. ಹತ್ತಿದ ಮೇಲೆ ಸರಕು ಇಳಿಯುವವರೆಗೆ ಇಳಿಯಬಾರದು ಅನ್ನುವುದು ಎರಡನೇ ಕಟ್ಟಳೆ. ಮಂಡಿಯವರು ನಿಮಗೆ ಲಾರಿ ಗಂಗಮ್ಮ ಅಂತ ಹೆಸರಿಟ್ಟರು. ನೀವು ಆ ಹೆಸರಿಗೆ ಓ ಅಂದಿರಿ. ನಿಮ್ಮ ಮಗಳು ವಿಮಲಳಿಗೆ ಮಾತ್ರ ಅದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. "ನಮ್ಮಮ್ಮಂಗೆ ಬೇರೆ ಹೆಸ್ರಿಲ್ವಾ? ಮಠದ ಮನೆಯೋರು ನಾವು" ಅಂತ ಅವಳು ಅಂಗಡಿಯವರ ಜೊತೆ ಜಗಳ ಆಡಿದ್ದನ್ನು ನಾನೇ ನೋಡಿದ್ದೇನೆ. ನೀವು ಹೋದ ಮೇಲೆ ಮಾಡಿದ ಶಿವಗಣಾರಾಧನೆಯ ದಿನ ಯಾರೋ ಮುದುಕರು ಪ್ರೀತಿಯಿಂದಲೇ ಲಾರಿ ಗಂಗಮ್ಮ ಅಂದಾಗ ಪಂಕ್ತಿಯ ನಡುವೆ ಎದ್ದು ಹೋಗಿಬಿಟ್ಟಿದ್ದಳು.

ಆ ಈರುಳ್ಳಿಯ ಪ್ರಸಂಗ ನೆನಪಿದೆಯಾ? ಮರೆಯುವುದು ಹೇಗೆ, ತಾಲ್ಲೂಕಿಗೆ ತಾಲ್ಲೂಕೇ ಅದನ್ನು ಹೇಳಿಕೊಂಡು ನಕ್ಕಿತ್ತು. ನಿಮಗೆ ನೆಗಡಿ, ಮೈ ಬೆಚ್ಚಗಿತ್ತು. ತರೀಕೆರೆಯಲ್ಲಿ ಲಾರಿ ನಿಂತಾಗ ಇಳಿದು ಕಾಫಿ ಕುಡಿದು, ಪಕ್ಕದಲ್ಲೇ ಅದೇ ಹಸಿರು ಟಾರ್ಪಾಲು ಹೊದ್ದು ನಿಂತಿದ್ದ ಇನ್ನೊಂದು ಲಾರಿ ಹತ್ತಿ, ಕಂಬಳಿ ಹೊದ್ದು ಮಲಗಿಬಿಟ್ಟಿರಿ. ಎಚ್ಚರವಾದಾಗ ಶಿವಮೊಗ್ಗ ದಾಟಿತ್ತು. ಕೈಯಾಡಿಸಿದರೆ ಕೆಳಗಿರುವುದು ಕಾಯಿಯಲ್ಲ, ಅಜ್ಜಂಪುರದ ಈರುಳ್ಳಿ! ಡ್ರೈವರ್ ಗಾಬರಿಯಾಗಿ, "ಇಳ್ಕಳಿ ತಾಯಿ, ಇಲ್ಲಿಂದ ಕಡೂರಿಗೆ ಬಸ್ಸೈತೆ" ಅಂದನಂತೆ. ನೀವು ಈರುಳ್ಳಿ ಜೊತೆ ಯಾರು ಬಂದಿದ್ದಾರೆ ಅಂತ ಕೇಳಿದಿರಿ. ಯಾರೂ ಇಲ್ಲ ಅಂದ. ಇಳಿಯಲಿಲ್ಲ ನೀವು. ದಾರಿಯಲ್ಲಿ ಮಳೆ ಬಂದು ಟಾರ್ಪಾಲು ಬಿಚ್ಚಿಕೊಂಡಾಗ ಲಾರಿ ನಿಲ್ಲಿಸಿ, ಕಟ್ಟಿಸಿ, ಹುಬ್ಬಳ್ಳಿಯಲ್ಲಿ ಒಂದೂ ನೆನೆಯದ ಹಾಗೆ ಈರುಳ್ಳಿ ಇಳಿಸಿದಿರಿ. ನಮ್ಮ ಕಾಯಿ ಅದರ ಪಾಡಿಗೆ ಅದು ಹೋಗಿ ಬೇರೆ ಮಂಡಿಯಲ್ಲಿ ನಿಮಗಾಗಿ ಕಾಯುತ್ತಿತ್ತು.

ವಾಪಸ್ ಬಂದ ನಿಮಗೆ ಬಿಸಿನೀರು ಹಾಕುತ್ತಾ ನಾನು ಕೇಳಿದ್ದೆ. "ಅಲ್ಲ ಅತ್ತೆಮ್ಮ, ನಮ್ದಲ್ಲ ಅಂತ ಗೊತ್ತಾದ್ಮೇಲಾದ್ರೂ ಇಳೀಬೋದಿತ್ತಲ್ಲ?"

"ಇಳುದ್ರೆ ಅದುರ ಜೊತೆ ಯಾರಿರ್ತಿದ್ರೇ ರತ್ನಿ?"

ಅಷ್ಟೇ ಅಂದು ಬೆನ್ನು ಉಜ್ಜು ಅಂದಿರಿ. ಆ ಈರುಳ್ಳಿಯ ಯಜಮಾನರು ಅಜ್ಜಂಪುರದಿಂದ ಹುಡುಕಿಕೊಂಡು ಬಂದು ಒಂದು ಚೀಲ ಈರುಳ್ಳಿ ಇಳಿಸಿ, ನಿಮಗೆ ಕೈಮುಗಿದು ಹೋದರು. ಆಮೇಲೆ ವರ್ಷಾ ವರ್ಷಾ ಬಂತು. ನೀವು ಹೋದ ಮೇಲೂ ನಿಂತಿಲ್ಲ, ಈಗ ಅವರ ಮಗ ಕಳಿಸುತ್ತಾನೆ.

ನಮ್ಮ ಹಿತ್ತಿಲಿನ ನಾರಿನ ಪುಡಿಯ ಗುಡ್ಡೆಗೆ ನೀವು ಬೈಯುತ್ತಿದ್ದುದು ಇನ್ನೂ ಕಿವಿಯಲ್ಲಿದೆ. ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಆ ಕಂದು ಪುಡಿ ಗಾಳಿ ಬಂದರೆ ಅನ್ನದ ತಟ್ಟೆಗೂ ಬರುತ್ತಿತ್ತು. "ಈ ದರಿದ್ರ ಪುಡಿ ಯಾವನಿಗ್ ಬೇಕು" ಅನ್ನುತ್ತಿದ್ದಿರಿ. ಯಾರಿಗೆ ಬೇಕು ಅಂತ ಈಗ ಹೇಳುತ್ತೇನೆ ಕೇಳಿ. ಹಾಲೆಂಡಿನವರಿಗೆ ಬೇಕು! ಅಲ್ಲಿ ಗಾಜಿನ ಮನೆ ಕಟ್ಟಿ ಟೊಮೆಟೊ ಬೆಳೆಯುತ್ತಾರೆ, ಮಣ್ಣಿಲ್ಲದೆ, ನಮ್ಮ ಈ ಪುಡಿಯಲ್ಲಿ. ನಾನೂ ಬೀದಿಯ ಹೆಂಗಸರೂ ಸೇರಿ ಪುಡಿಯನ್ನು ತೊಳೆದು, ಒಣಗಿಸಿ, ಮೆಷಿನ್ನಿನಲ್ಲಿ ಒತ್ತಿ ಇಟ್ಟಿಗೆ ಮಾಡತೊಡಗಿದೆವು. ತೊಳೆಯುವುದೇ ದೊಡ್ಡ ಕೆಲಸ. ಪುಡಿಯಲ್ಲಿ ಉಪ್ಪಿನಂಶ ಉಳಿದರೆ ಗಿಡ ಸಾಯುತ್ತದೆ, ಸರಕು ಬೇಡ ಅಂದುಬಿಡುತ್ತಾರೆ. ಮೊದಲ ಲೋಡು ಬೇಡವಾದರೆ ಎರಡನೆಯದನ್ನು ಕೇಳುವವರಿಲ್ಲ, ನಮ್ಮ ಹೆಂಗಸರು ಮತ್ತೆ ಕೂಲಿ ಹುಡುಕಿಕೊಂಡು ಹೊರಡಬೇಕು. ಹಾಗಾಗಿ ಆ ಮೊದಲ ಲೋಡು ಹೊರಡುವ ಹೊತ್ತಿಗೆ ಎಲ್ಲರ ಜೀವ ಕೈಯಲ್ಲಿತ್ತು.

ಮಂಗಳೂರಿನ ಏಜೆಂಟರ ಆಫೀಸಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. "ಸರಕಿನ ಜೊತೆ ನಾನೆಲ್ಲಿ ಕೂರೋದು?" ಆ ಮನುಷ್ಯ ಮೊದಲು ನಕ್ಕರು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಕಂಟೇನರ್ ಜೊತೆ ಯಾರೂ ಹೋಗುವುದಿಲ್ಲವಂತೆ. ಕಬ್ಬಿಣದ ಪೆಟ್ಟಿಗೆ, ಬೀಗ, ಸೀಲು, ಅಷ್ಟೇ. ನಾನು ಎದ್ದು ಬರಲಿಲ್ಲ. ಕೊನೆಗೆ ಅವರೇ ಎಲ್ಲೆಲ್ಲೋ ವಿಚಾರಿಸಿ, ಅಪರೂಪಕ್ಕೆ ಕೆಲವು ಸರಕು ಹಡಗುಗಳು ಒಬ್ಬಿಬ್ಬರು ಪ್ರಯಾಣಿಕರಿಗೆ ಕೋಣೆ ಕೊಡುತ್ತವೆ, ಕೊಲಂಬೊದಿಂದ ಆಫ್ರಿಕಾ ಬಳಸಿ ಹೋಗುವ ಅಂಥ ಒಂದು ಹಡಗಿದೆ, ನಿಮ್ಮ ಪೆಟ್ಟಿಗೆಯೂ ಅದನ್ನೇ ಹತ್ತುತ್ತದೆ ಅಂದರು. ವಿಮಲ ಮನೆಗೆ ಬಂದು ಕೂಗಾಡಿದಳು. "ಅರವತ್ತರ ಹತ್ರ ಬಂದವ್ಳೆ, ಸಮುದ್ರದ ಮೇಲೆ ಹೋಗ್ತಾಳಂತೆ! ನಮ್ಮಮ್ಮನ ಹುಚ್ಚು ಇವ್ಳಿಗೂ ಹಿಡೀತಾ? ಏನಣ್ಣಾ, ನೀನಾದ್ರೂ ಹೇಳ್ಬಾರ್ದಾ?" ನಿಮ್ಮ ಮಗ ಪೇಪರಿನಿಂದ ತಲೆ ಎತ್ತಿ, "ಹೋಗ್ಲಿ ಬಿಡು, ನನ್ನ ಕರೀದಿದ್ರೆ ಸಾಕು" ಅಂದರು.

ಪೆಟ್ಟಿಗೆ ಕಡೂರು ಬಿಟ್ಟ ದಿನ ನಾವು ಅದನ್ನು ಸುಮ್ಮನೆ ಕಳಿಸಲಿಲ್ಲ. ಟ್ರೈಲರಿನ ಚಕ್ರಕ್ಕೆ ನಿಂಬೆಹಣ್ಣು, ಕಾಯಿ ಒಡೆದದ್ದು, ಬಾಗಿಲ ಚಿಲಕಕ್ಕೆ ದಾರದಲ್ಲಿ ಕಟ್ಟಿದ ಮಾವಿನೆಲೆ. ನಾನೇ ಸ್ಟೂಲು ಹತ್ತಿ ಅಷ್ಟಗಲ ಬಾಗಿಲಿನ ಮೇಲೆ ವಿಭೂತಿಯ ಮೂರು ಪಟ್ಟೆ ಎಳೆದೆ. ಎಷ್ಟು ಪೆಟ್ಟಿಗೆ ಇದ್ದರೂ ನಮ್ಮದನ್ನು ಗುರುತು ಹಿಡಿಯಬಹುದು ಅಂತ ಲೆಕ್ಕ. ಹಡಗು ಎಂದರೆ ದೊಡ್ಡ ಲಾರಿ ಅಂದುಕೊಂಡಿದ್ದೆ ನೋಡಿ...

ಮಂಗಳೂರಿನಿಂದ ಪೆಟ್ಟಿಗೆ ಸಣ್ಣ ಹಡಗಿನಲ್ಲಿ ಹೋಯಿತು, ಅದರಲ್ಲಿ ಜನಕ್ಕೆ ಜಾಗವಿಲ್ಲದ್ದರಿಂದ ನಾನು ವಿಮಾನದಲ್ಲಿ ಕೊಲಂಬೊ ಸೇರಿ, ದೊಡ್ಡ ಹಡಗನ್ನು ಅಲ್ಲಿ ಕಂಡೆ. ಕಡೂರು ಸ್ಟೇಷನ್ನಿನ ಪ್ಲಾಟ್‌ಫಾರಂ ಅದರ ಮೇಲೆ ಇಟ್ಟರೂ ಜಾಗ ಉಳಿಯುತ್ತದೆ. ಓಣಿ ಓಣಿಯಾಗಿ, ಅಂತಸ್ತಿನ ಮೇಲೆ ಅಂತಸ್ತಾಗಿ ಪೆಟ್ಟಿಗೆಗಳು. ನನಗೆ ಒಂದು ಪುಟ್ಟ ಕೋಣೆ, ಕಿಟಕಿ, ಮೇಜು ಕೊಟ್ಟರು. ಕ್ಯಾಪ್ಟನ್ ಪೋಲೆಂಡ್ ದೇಶದವರು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ತೂಕದ್ದಾಗಿದ್ದರಿಂದ ನಮಗೆ ಚೆನ್ನಾಗಿ ಹೊಂದಿಕೆಯಾಯಿತು. ಅಡುಗೆಯವನು ಫಿಲಿಪೈನ್ಸಿನವನು, ಹೆಸರು ರಾಮೊನ್. ಮೊದಲ ದಿನವೇ ಅವನು ತೆಂಗಿನಕಾಯಿಯನ್ನು ಅಂಗೈ ಮೇಲಿಟ್ಟುಕೊಂಡು ಕತ್ತಿಯ ಬೆನ್ನಿನಿಂದ ಅದರ ನಡುವಿಗೆ ಹೊಡೆದು ಎರಡು ಹೋಳು ಮಾಡಿದ್ದು ನೋಡಿ, ಇವನು ನಮ್ಮವನೇ ಅಂದುಕೊಂಡೆ. ನನಗೆಂದು ಮೀನು ಬಿಟ್ಟು ಸೊಪ್ಪಿಗೆ ಕಾಯಿಹಾಲು ಹಾಕಿ ಬೇಯಿಸಿದ. ನಾನು ಅವನಿಗೆ ಚಟ್ನಿಪುಡಿ ಕೊಟ್ಟೆ. ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಚಮಚ ಕೇಳಿದ.

ಹಡಗು ಹೊರಟ ಮಾರನೇ ದಿನದಿಂದ ನಾನು ನಮ್ಮ ಪೆಟ್ಟಿಗೆ ಹುಡುಕಲು ಶುರುಮಾಡಿದೆ. ತಲೆಗೆ ಹಳದಿ ಟೋಪಿ ಹಾಕಿಸಿ, ಜೊತೆಗೆ ಒಬ್ಬರನ್ನು ಕಳಿಸಿ, ಸುತ್ತ ನಡೆಯಲು ಬಿಡುತ್ತಿದ್ದರು. ಕತ್ತೆತ್ತಿ ಕತ್ತೆತ್ತಿ ನೋಡಿದೆ. ಕೆಂಪು, ನೀಲಿ, ಹಸಿರು, ತುಕ್ಕು ಹಿಡಿದದ್ದು. ವಿಭೂತಿ ಎಲ್ಲೂ ಇಲ್ಲ. ಒಳಗಡೆ ಎಲ್ಲೋ ಇರಬೇಕು ಅಂತ ಸಮಾಧಾನ ಮಾಡಿಕೊಂಡು ಕೊನೆಗೆ ಕ್ಯಾಪ್ಟನ್‌ರನ್ನೇ ಕೇಳಿದೆ. ಅವರು ಕಂಪ್ಯೂಟರಿನಲ್ಲಿ ನಂಬರು ಒತ್ತಿ ನೋಡಿ, ಮತ್ತೆ ಒತ್ತಿ ನೋಡಿ, ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ನಮ್ಮ ಪೆಟ್ಟಿಗೆ ಈ ಹಡಗು ಹತ್ತೇ ಇರಲಿಲ್ಲ ಅತ್ತೆಮ್ಮ. ಜಾಗ ಸಾಲದೆ ಅದನ್ನು ಕೊಲಂಬೊದಲ್ಲೇ ಬಿಟ್ಟಿದ್ದರು. ಮುಂದಿನ ಹಡಗಿಗೆ ಬರುತ್ತದಂತೆ.

ಅಳು ಬಂತು, ಸಿಟ್ಟೂ ಬಂತು. ಎಷ್ಟು ಹೆಮ್ಮೆಯಿಂದ ಹೊರಟಿದ್ದೆ! ಸುತ್ತ ನೋಡಿದರೆ ನೀರು, ನಾನು ಕೂತಿರುವುದು ಯಾರದೋ ಸರಕಿನ ಮೇಲೆ. ಕ್ಯಾಪ್ಟನ್ ಪಾಪ, ತಮ್ಮದೇ ತಪ್ಪೆಂಬಂತೆ ನಿಂತಿದ್ದರು. ಎಣ್ಣೆ ತುಂಬಿಸಲು ಆಫ್ರಿಕಾದ ಡರ್ಬನ್ ಬಂದರಿನಲ್ಲಿ ನಿಲ್ಲುತ್ತೇವೆ, ಏಜೆಂಟರಿಗೆ ಹೇಳಿ ಅಲ್ಲಿಂದ ನಿಮ್ಮನ್ನು ವಿಮಾನದಲ್ಲಿ ಮನೆಗೆ ಕಳಿಸಬಹುದು ಅಂದರು. ನಾನು ಹೂಂ ಅಂದೆ. ನಿಜ ಹೇಳುತ್ತೇನೆ, ಆ ಹೊತ್ತಿಗೆ ಇಳಿದುಬಿಡುವುದು ಅಂತಲೇ ಇದ್ದೆ. ಪೆಟ್ಟಿಗೆ ಹೇಗೂ ಒಂಟಿಯಾಗಿ ಬರುತ್ತಿತ್ತು. ಅದನ್ನು ತೆರೆಯುವಾಗ ನಾನಿರಲಿಲ್ಲ ಅಂದರೆ ಯಾರು ಕೇಳುತ್ತಾರೆ?

ಡರ್ಬನ್ನಿನಲ್ಲಿ ಫೋನು ಸಿಕ್ಕಿತು. ಮನೆಗೆ ಮಾಡಿದೆ, ಎತ್ತಿದವಳು ವಿಮಲ. ಏಜೆಂಟರಿಂದ ಅವಳಿಗೆ ಆಗಲೇ ಸುದ್ದಿ ಹೋಗಿತ್ತು. "ಇಳುದ್ಬಿಡೇ ಅತ್ತಿಗೆ. ಜನ ಆಗ್ಲೇ ನಗಕ್ಕೆ ಶುರು ಮಾಡವ್ರೆ. ಅತ್ತೆ ಈರುಳ್ಳಿ ಲಾರಿ ಹತ್ತಿದ್ಳು, ಸೊಸೆ ಯಾರದೋ ಹಡಗು ಹತ್ತವ್ಳೆ ಅಂತ. ಸಾಕು, ಬಂದ್ಬಿಡು" ಅಂದಳು. ಎದುರಿಗೆ ಕ್ಯಾಪ್ಟನ್ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ನಾನು ಅವರನ್ನು ಕೇಳಿದೆ. ಈ ಪೆಟ್ಟಿಗೆಗಳ ಜೊತೆ ಯಾರು ಬಂದಿದ್ದಾರೆ? ಯಾರೂ ಇಲ್ಲ ಅಂದರು. ಒಳಗೆ ಏನಿದೆ? ಭುಜ ಕುಣಿಸಿ, ತೂಕ ಗೊತ್ತು, ಅಪಾಯದ ವಸ್ತು ಯಾವುದರಲ್ಲಿದೆ ಅಂತ ಗೊತ್ತು, ಉಳಿದದ್ದು ಗೊತ್ತಿಲ್ಲ ಅಂದರು. ಯಾವ ಯಾವ ಊರಿನ ಯಾವ ಹೆಂಗಸರು ತೊಳೆದು ಒಣಗಿಸಿ ತುಂಬಿದ್ದೋ, ಒಂದಕ್ಕೂ ಮನೆಯವರಿಲ್ಲ.

"ವಿಮಲಾ" ಅಂದೆ ಫೋನಿನಲ್ಲಿ, "ಇಳುದ್ರೆ ಇದುರ ಜೊತೆ ಯಾರಿರ್ತಾರೆ?"

ಅವಳಿಗೂ ಅದು ಯಾರ ದನಿ ಅಂತ ಗೊತ್ತಾಗಿರಬೇಕು. "ಸ್ವೆಟರ್ ಹಾಕ್ಕೋ" ಅಂತ ಫೋನಿಟ್ಟಳು.

ಆಫ್ರಿಕಾದ ತುದಿ ಬಳಸುವಾಗ ಸಮುದ್ರ ಎದ್ದು ಕುಣಿಯಿತು. ಪೆಟ್ಟಿಗೆಗಳು ಒಂದಕ್ಕೊಂದು ಒರಗಿ ನರಳುವ ಸದ್ದು ಕೋಣೆಯ ತನಕ ಬರುತ್ತಿತ್ತು. ನಿಮ್ಮ ಹಾಗೆ ಮೇಲೆ ಹೋಗಿ ಟಾರ್ಪಾಲು ಕಟ್ಟಿಸುವ ಹಾಗಿಲ್ಲ, ನನ್ನಿಂದ ಆಗುವಂಥದ್ದು ಏನೂ ಇರಲಿಲ್ಲ. ಸುಮ್ಮನೆ ಪಂಚಾಕ್ಷರಿ ಹೇಳಿಕೊಂಡು ಕೂತೆ. ಲಾರಿಯಲ್ಲಿ ತಲೆ ಸುತ್ತಿದರೆ ಮೂಸಲು ನೀವು ಸೆರಗಿನ ಗಂಟಿನಲ್ಲಿ ಈರುಳ್ಳಿ ಇಟ್ಟುಕೊಳ್ಳುತ್ತಿದ್ದಿರಲ್ಲ, ನಾನೂ ಅಜ್ಜಂಪುರದ್ದನ್ನೇ ಒಯ್ದಿದ್ದೆ. ಆ ಬಿರುಗಾಳಿಯಲ್ಲಿ ಆನೆಯಂಥ ಮೈಯ ಒಬ್ಬ ಎಂಜಿನಿಯರ್ ಮುಖ ಹಸಿರು ಮಾಡಿಕೊಂಡು ನನ್ನ ಬಾಗಿಲು ತಟ್ಟಿ, "ಮೇಡಂ, ಆನಿಯನ್" ಅಂತ ಕೈಚಾಚಿದ. ಅರ್ಧ ಹೋಳು ಕೊಟ್ಟೆ. ನಿಮ್ಮ ಮಗನೂ ಅವನೂ ಎದುರು ಬದುರು ಕೂತರೆ ಒಳ್ಳೆ ಜೋಡಿ.

ಗಾಳಿ ನಿಂತ ಬೆಳಿಗ್ಗೆ ನಾನು ಮೆಟ್ಟಿಲು ಹತ್ತಿ ಕ್ಯಾಪ್ಟನ್ ಹತ್ತಿರ ಹೋಗಿ, ಎಲ್ಲಾ ಇದಾವಾ ಅಂತ ಕೇಳಿದೆ. ಅವರು ಕಿಟಕಿಯಿಂದ ಆ ಕಡೆ ಈ ಕಡೆ ನೋಡಿ, ಟೋಪಿ ತೆಗೆದು, ಎಲ್ಲಾ ಇವೆ ಮೇಡಂ, ನಿಮ್ಮ ಸರಕು ಕ್ಷೇಮ ಅಂದರು. ಮೊದಲು ತಮಾಷೆಗೆ ಹೇಳಿದ್ದು. ಆಮೇಲೆ ದಿನಾ ಬೆಳಿಗ್ಗೆ ನಾನು ಕೇಳುವ ಮೊದಲೇ ಹೇಳತೊಡಗಿದರು. ಹಡಗಿನವರು ನನಗಿಟ್ಟ ಹೆಸರು ಮೇಡಂ ಕಾರ್ಗೋ. ಕಾರ್ಗೋ ಅಂದರೆ ಸರಕು. ನಾನು ಆ ಹೆಸರಿಗೆ ಓ ಅಂದೆ ಅತ್ತೆಮ್ಮ. ನಿಮ್ಮ ಕಥೆಯನ್ನು ಊಟದ ಮೇಜಿನ ಮೇಲೆ, ಉಪ್ಪಿನ ಡಬ್ಬಿಯನ್ನು ಲಾರಿ ಮಾಡಿ, ಈರುಳ್ಳಿಯನ್ನು ಈರುಳ್ಳಿಯೇ ಮಾಡಿ, ಅವರಿಗೆಲ್ಲ ಹೇಳಿದೆ. ನಕ್ಕರು. ಆದರೆ ತಾಲ್ಲೂಕಿನವರು ನಕ್ಕ ಹಾಗಲ್ಲ. ರಾಮೊನ್ ಎದ್ದು ನಿಂತು, ಕಾಫಿ ಲೋಟ ಎತ್ತಿ ನಿಮ್ಮ ಹೆಸರು ಹೇಳಿದ. ಆಫ್ರಿಕಾದ ಆಚೆಯ ಸಮುದ್ರದ ನಡುವೆ, ಸುತ್ತ ಎಲ್ಲೂ ನೆಲ ಕಾಣದ ಕಡೆ, ಅಷ್ಟು ಜನ ಗಂಡಸರು ಲೋಟ ಎತ್ತಿ ಲಾರಿ ಗಂಗಮ್ಮ ಅಂದರು. ನಾನೂ ನನ್ನ ಲೋಟ ಎತ್ತಿದೆ.

ಹಾಲೆಂಡಿನಲ್ಲಿ ಕ್ರೇನು ಕೊನೆಯ ಪೆಟ್ಟಿಗೆ ಇಳಿಸುವವರೆಗೆ ನಾನು ಇಳಿಯಲಿಲ್ಲ. ಕ್ಯಾಪ್ಟನ್ ಕೇಳಲೂ ಇಲ್ಲ, ಕುರ್ಚಿ ಹಾಕಿಸಿಕೊಟ್ಟರು. ಟೊಮೆಟೊ ಬೆಳೆಯುವ ಯಜಮಾನರು ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದರು. ಉದ್ದಕ್ಕೆ ತೆಂಗಿನಮರದಂಥ ಮನುಷ್ಯ. ಸರಕಿನ ಹಿಂದೆ ಅದರ ಮನೆಯವರು ಬಂದದ್ದನ್ನು ಜನ್ಮದಲ್ಲಿ ನೋಡಿಲ್ಲ, ಯಾಕೆ ಬಂದಿರಿ ಅಂತ ಕೇಳಿದರು. ಕೆಟ್ಟಿದ್ದರೆ ಎದುರಿಗೆ ಬೈಸಿಕೊಳ್ಳುವುದಕ್ಕೆ ಅಂದೆ. ಅವರ ಹೆಂಡತಿ ಗಟ್ಟಿಯಾಗಿ ನಕ್ಕು ನನ್ನ ಚೀಲ ಎತ್ತಿಕೊಂಡಳು. ನಮ್ಮ ಪೆಟ್ಟಿಗೆ ಬರುವ ತನಕ ಅವರ ಮನೆಯಲ್ಲೇ ಇದ್ದು ಅವರಿಗೆ ಉಪ್ಪಿಟ್ಟು ತಿನ್ನಿಸಿದೆ.

ಪೆಟ್ಟಿಗೆ ಅಂಗಳಕ್ಕೆ ಬಂದಾಗ ವಿಭೂತಿ ಎಲ್ಲ ತೊಳೆದು ಹೋಗಿತ್ತು. ಚಿಲಕದ ದಾರದಲ್ಲಿ ಒಂದೇ ಒಂದು ಒಣಗಿದ ಮಾವಿನೆಲೆ ಉಳಿದಿತ್ತು. ಬಾಗಿಲು ತೆಗೆದಾಗ ನಮ್ಮ ಹಿತ್ತಿಲಿನ ವಾಸನೆ! ಯಜಮಾನರು ಒಂದು ಇಟ್ಟಿಗೆಯನ್ನು ಬಕೆಟ್ಟಿನ ನೀರಿಗೆ ಹಾಕಿದರು. ಅದು ಉಬ್ಬಿ ಉಬ್ಬಿ ಬಕೆಟ್ ತುಂಬಿತು. ಉಪ್ಪು ನೋಡುವ ಮೀಟರನ್ನು ಅದರಲ್ಲಿ ಅದ್ದಿ ಕನ್ನಡಕ ಹಾಕಿಕೊಂಡರು. ನನಗೆ ಕಂಡದ್ದು ಅವರ ಮುಖವಲ್ಲ, ಕೊಳಾಯಿ ಕೆಳಗೆ ಪುಡಿ ತೊಳೆದು ತೊಳೆದು ಬೆರಳು ಸುಕ್ಕಾದ ನಮ್ಮ ಹೆಂಗಸರ ಕೈಗಳು. ಅವರು ಮೀಟರು ಒರೆಸಿಟ್ಟು ಒಳಗೆ ಹೋದರು. ಬೈಸಿಕೊಳ್ಳಲು ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಸಿದ್ಧಳಾದೆ. ಅವರು ತಂದದ್ದು ಒಂದು ಟೊಮೆಟೊ ಸಸಿ. ನೀವೇ ನೆಡಿ ಅಂದರು. ನಮ್ಮ ಕಡೂರಿನ ಪುಡಿಯಲ್ಲಿ, ಅವರ ದೇಶದ ಬಕೆಟ್ಟಿನಲ್ಲಿ, ನಿಮ್ಮ ಸೊಸೆ ಸಸಿ ನೆಟ್ಟಳು. ಮುಂದಿನ ಲೋಡು ಯಾವಾಗ ಅಂತ ಅಲ್ಲೇ ಕೇಳಿದರು.

ಬರುವಾಗ ವಿಮಾನದಲ್ಲಿ ಬಂದೆ. ವಾರಗಟ್ಟಲೆ ಹೋದ ದಾರಿ ಒಂದು ನಿದ್ದೆಯಲ್ಲಿ ಮುಗಿದು ಮೋಸ ಹೋದ ಹಾಗಾಯಿತು. ಬೆಂಗಳೂರಿನಿಂದ ರೈಲು. ಕಡೂರು ಸ್ಟೇಷನ್ನಿನಲ್ಲಿ ಇಳಿದರೆ, ನಿಮ್ಮ ಮಗನ ಜೊತೆ ವಿಮಲ ನಿಂತಿದ್ದಳು, ಕೈಯಲ್ಲಿ ಮಲ್ಲಿಗೆ ಹಾರ ಹಿಡಿದು. ಡರ್ಬನ್ ಆದ ಮೇಲೆ ಅವಳು ದಿನಾ ನಿಮ್ಮ ಮಗನ ಮೊಬೈಲಿನಲ್ಲಿ ಹಡಗು ಎಲ್ಲಿದೆ ಅಂತ ನೋಡಿ, ಇಡೀ ಬೀದಿಗೆ ಹೇಳಿ ಬರುತ್ತಿದ್ದಳಂತೆ. ನನ್ನ ಎದುರಿಗೆ ಮಾತ್ರ ಬಿಗುಮಾನ. "ಕರ್ರಗಾಗಿ ಬಂದಿದೀಯ" ಅಂದಳು, ಅಷ್ಟೇ.

ಈಗ ನಿಜವಾದ ಸುದ್ದಿ ಹೇಳುತ್ತೇನೆ. ಇದಕ್ಕೇ ಈ ಕಾಗದ ಬರೆದದ್ದು. ಸ್ಟೇಷನ್ ಹೊರಗೆ ಆಟೋ ಹತ್ತಿದೆವು. ಹೊಸ ಡ್ರೈವರ್, ಊರು ಅಷ್ಟಾಗಿ ಗೊತ್ತಿಲ್ಲ. ಎಲ್ಲಿಗೆ ಅಂದ. ನಿಮ್ಮ ಮಗ ತಮ್ಮ ಹೆಸರು ಹೇಳಿದರು, ಗೊತ್ತಾಗಲಿಲ್ಲ. ಬೀದಿಯ ಹೆಸರು ಹೇಳಿದರು, ಮಠದ ಹೆಸರು ಹೇಳಿದರು, ಅವನು ತಲೆ ಕೆರೆದುಕೊಂಡ. ನಾನು ಬಾಯಿ ತೆರೆಯುವುದರೊಳಗೆ ವಿಮಲ ನನ್ನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, ಸ್ಟೇಷನ್ನಿಗೆ ಸ್ಟೇಷನ್ನೇ ತಿರುಗಿ ನೋಡುವ ಹಾಗೆ ಹೇಳಿದಳು.

"ಲಾರಿ ಗಂಗಮ್ಮನ ಮನೆ ಕಣಪ್ಪಾ. ನಾನು ಅವ್ಳ ಮಗ್ಳು. ನಡಿ!"